ಹದಿಮೂರನೆಯ ತಟ್ಟು

ಜನವರಿ ಹನ್ನೊಂದು. ಪಾಟ್ಸ್‌ನೌನ್ ಕಣಿವೆಯ ಸೂರುಗಳೆಲ್ಲ
ಏಪ್ರಿಲ್ಲಿನ ಕೆಲಸವನ್ನು ಈಗಲೇ ಮುಗಿಸುವವರ ಹಾಗೆ ತೊಟ್ಟಿಕ್ಕುತ್ತಿವೆ.
ಬೇಕರಿಯ ಕ್ರೆಸೆಂಟ್ಸಿಯಾ ಕೋಟಿಲ್ಲದೆ ಬಾಗಿಲಲ್ಲಿ ನಿಂತು
"ಎಂಥ ಹಿತ, ಅಲ್ಲವಾ ನೋಟ್ಬುರ್ಗಾ?" ಅಂದಳು.
ಹಿತವೇ. ಹೂಂ ಅಂದೆ. ಸಲಿಕೆ ಹೆಗಲಿಗೇರಿಸಿ ನಡೆದೆ.

ಎರಡು ಸಾವಿರದ ಇನ್ನೂರು ಮೀಟರು, ಬಡಗಣ ಮುಖದ ನೆರಳು,
ಸೊಂಟದಷ್ಟು ಗುಂಡಿ. ಇದು ನನ್ನ ಮೂವತ್ತೊಂದನೆಯ ಚಳಿಗಾಲ.
ಗೋಡೆಗೆ ಬ್ರಷ್ ಆಡಿಸಿದರೆ ಗೆರೆಗೆರೆಯಾಗಿ
ಆಕಾಶ ಬರೆದು ಮರೆತ ದಿನಚರಿ.
ಮೇಲೆ ನಿನ್ನೆಯದು, ಒದ್ದೆ, ಹಿಡಿದರೆ ಉಂಡೆ ನಿಲ್ಲುತ್ತದೆ.
ಕೆಳಗೆ ಕ್ರಿಸ್‌ಮಸ್ಸಿನ ಮಳೆ (ಹೌದು, ಮಳೆ)
ಬೆರಳು ದಪ್ಪದ ಗಾಜಾಗಿ ಮಲಗಿದೆ.
ಅದರಡಿ, ಗಾಳಿ ಹೊತ್ತು ತಂದು ಒತ್ತಿದ ಹಲಗೆ.
ಎಲ್ಲಕ್ಕೂ ಅಡಿಯಲ್ಲಿ, ನೆಲಕ್ಕೆ ತಾಗಿ,
ನವೆಂಬರಿನ ಮೊದಲ ತೆಳು ಹಿಮ:
ಬರಿಯ ರಾತ್ರಿಗಳ ಕೆಳಗೆ ಒಣಗಿ ಒಣಗಿ
ಕುಟ್ಟಿದ ಕಲ್ಲುಸಕ್ಕರೆಯಾದದ್ದು.
ಅಂಗೈಗೆ ಹಾಕಿಕೊಂಡರೆ ಸುರಿದು ಹೋಗುತ್ತದೆ,
ಒಂದು ಹರಳು ಇನ್ನೊಂದರ ಕೈ ಹಿಡಿಯುವುದಿಲ್ಲ.

ಇದರ ಮೇಲೆ ನಿಂತಿದೆ ಬೆಟ್ಟದ ಇಡೀ ಬಿಳುಪು.

ಗರಗಸದಿಂದ ಕಂಬ ಕೊಯ್ದು, ಅದರ ತಲೆಗೆ ಸಲಿಕೆಯಿಟ್ಟು ತಟ್ಟಬೇಕು:
ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಹೆಗಲಿನಿಂದ ಹತ್ತು.
ಕಲಿಸಿದವನು ಸೆರಾಫಿನ್. "ಕದ ತಟ್ಟಿದ ಹಾಗೆ ತಟ್ಟು,
ಯಾರೂ ತೆಗೆಯದಿರಲಿ ಎಂದು ಬೇಡಿಕೊಳ್ಳುತ್ತಾ" ಅನ್ನುತ್ತಿದ್ದ.
ಹನ್ನೊಂದು. ಹನ್ನೆರಡು. ಏನಿಲ್ಲ.
ಹದಿಮೂರು.
ಮೇಜಿನ ಡ್ರಾಯರ್ ಜಾರಿದಷ್ಟು ಸಲೀಸಾಗಿ
ಮಂಡಿಯೂರಿದ್ದ ನನ್ನ ಮಡಿಲಿಗೇ ಬಂತು ಕಂಬ.

ಎದುರು ಇಳಿಜಾರಿನಲ್ಲಿ ಒಂದೇ ಒಂದು ಸ್ಕೀ ಜಾಡು.
ಬೆಳಿಗ್ಗೆ ಯಾರೋ ಇಳಿದಿದ್ದಾರೆ; ಏನು ಬಳುಕು, ಕಣ್ಣು ಕೀಳಲಾಗದು.
ಅವರಿಗೇನೂ ಆಗಲಿಲ್ಲ. ನನಗೆ ಭಯ ಅದೇ:
ಅದನ್ನು ನೋಡಿ ನಾಳೆ ಹತ್ತುವ ಎರಡನೆಯವರು, ಐದನೆಯವರು.
ಮೌನ ಸಮ್ಮತಿಯ ಲಕ್ಷಣವೆಂಬ ಮಾತು
ಬೆಟ್ಟವನ್ನು ಕೇಳಿ ಆಡಿದ್ದಲ್ಲ.

ಇನ್ಸ್‌ಬ್ರುಕ್ಕಿನಿಂದ ಫೋನಿನಲ್ಲಿ ಹುಡುಗ: "ಎಷ್ಟು ಬರೆಯಲಿ?"
ಮೂರು.
ಐದರಲ್ಲಿ ಮೂರು. ನಾಲ್ಕೆಂದರೆ ಜನ ಮನೆಯಲ್ಲುಳಿಯುತ್ತಾರೆ,
ಎರಡೆಂದರೆ ಬೆಟ್ಟ ಹೆಚ್ಚುಕಮ್ಮಿ ತಡೆದುಕೊಳ್ಳುತ್ತದೆ.
ಮೂರರ ದಿನ ಬಿಸಿಲಿರುತ್ತದೆ, ರಜೆಯಿರುತ್ತದೆ.
ಸೆರಾಫಿನ್ ಹೋದದ್ದು ಮೂರರ ದಿನ.
ಅಂಕಿ ಕೊಟ್ಟವಳು ನಾನೇ.

ಗುಂಡಿ ಮುಚ್ಚಿ ಇಳಿದೆ. ಬೇಕರಿಯಲ್ಲಿ ಕೊನೆಯ ಬ್ರೆಡ್ಡು
ನನಗೆಂದು ಎತ್ತಿಟ್ಟಿದ್ದಾಳೆ. "ಮೇಲೆ ಹೇಗಿದೆ?"
"ಬೆಚ್ಚಗಿದೆ."
ಚರ್ಚಿನ ಮಾಡಿನಿಂದ ಹಿಮ ದೊಪ್ಪನೆ ಜಾರಿ ಬಿತ್ತು.
ಅವಳು ನಕ್ಕಳು.
ನಾನು ಬೆಚ್ಚಿದೆ.