ತೂಕ ಓದಲಷ್ಟೇ

ಹಾಸನದ ಆಲೂಗಡ್ಡೆ ಮಂಡಿಯಲ್ಲಿ ಹದಿನಾಲ್ಕು ತಕ್ಕಡಿ,
ಹದಿನಾಲ್ಕು ಹಳೇ ಕಂಪ್ಯೂಟರು,
ಒಂದೊಂದರ ಬೆನ್ನಿಗೂ ಒಂದು ಬೂದು ವೈರು.
ವೈರಿನೊಳಗೆ ತೂಕ ಬರುತ್ತದೆ.
ಅದನ್ನು ಪರದೆಗೆ ತರಬೇಕಾದದ್ದು ನನ್ನ ಆಪ್ಲೆಟ್.

ಆಪ್ಲೆಟ್ಟೆಂದರೆ ಜಗುಲಿಯ ಮೇಲೆ ಕೂತ ಅಪರಿಚಿತ.
ಜಾವಾ ನೀರು ಕೊಡುತ್ತದೆ, ಒಳಗೆ ಕರೆಯುವುದಿಲ್ಲ.
ಡಿಸ್ಕು ಮುಟ್ಟಬೇಡ, ಪ್ರಿಂಟರು ಮುಟ್ಟಬೇಡ,
ಬಂದ ಸರ್ವರಿನ ಹೊರತು ಯಾರ ಹತ್ತಿರವೂ ಮಾತಾಡಬೇಡ.
ತಕ್ಕಡಿಯೋ, ಒಳಕೋಣೆಯಲ್ಲಿದೆ.

"ಎಲ್ಲಾ ಪರ್ಮಿಷನ್ನೂ ಕೊಟ್ಟು ಬಿಸಾಕಮ್ಮ,"
ಅಂದರು ಪುಟ್ಟರಾಜಣ್ಣ, ಬಾಯಿ ತುಂಬ ಎಲೆಯಡಿಕೆ,
"ಬೆಳಿಗ್ಗೆ ಅರಕಲಗೂಡಿನ ಲಾರಿ ಬರ್ತವೆ."
ನಿಜ, ಒಂದೇ ಸಾಲಿನ ಕೆಲಸ.
ಮೂಟೆ ಇಳಿಸಲು ಬಂದವನ ಕೈಗೆ
ಗಲ್ಲಾಪೆಟ್ಟಿಗೆಯ ಬೀಗದ ಕೈಯೂ.

ಕೂತು ಬರೆದೆ ಪಾಲಿಸಿ ಫೈಲು, ಒಂಬತ್ತು ಸಾಲು:
ಈ ಸಹಿಯ ಜಾರ್‌ಗೆ ಮಾತ್ರ,
ಈ ಒಂದು ಪೋರ್ಟು, ಓದಲಷ್ಟೇ.
ರಸೀದಿಯ ಫೋಲ್ಡರಿಗೆ ಬರೆಯಬಹುದು,
ಅಳಿಸುವಂತಿಲ್ಲ.
ಎಲ್ಲೋ ಒಂದು ಅರ್ಧವಿರಾಮ ಬಿಟ್ಟಿದ್ದೆ.
ಅದು ಸಿಗುವ ಹೊತ್ತಿಗೆ ರಾತ್ರಿ ಹನ್ನೊಂದೂವರೆ,
ವಾಚ್‌ಮನ್ನಿನ ಚಹಾ ಎರಡು ಸಲ.

ಬೆಳಿಗ್ಗೆ ಹದಿಮೂರು ಜನ
ಪೆಟ್ಟಿಗೆ ಎದ್ದು ಬಂದ ಕೂಡಲೇ 'ಯೆಸ್' ಒತ್ತಿದರು,
ನೊಣ ಹೊಡೆದ ಹಾಗೆ.

ನಾಲ್ಕನೇ ತಕ್ಕಡಿಯ ದ್ಯಾವಯ್ಯ ಮಾತ್ರ
ಕನ್ನಡಕ ಒರೆಸಿಕೊಂಡು ಕರೆದರು:
"ಏನೋ ಕೇಳ್ತೈತೆ ಬಾ ಇಲ್ಲಿ."
ಓದಿ ಹೇಳಿದೆ. ಕಳಿಸಿದವರು: ನಸೀಮಾ.
ಅವರು ಅವರೇ ಎಂದು ದೃಢಪಡಿಸಿದವರು: ನಸೀಮಾ.
ನಂಬುತ್ತೀರಾ?

"ಅಲ್ಲ ಕಣಮ್ಮ, ಸಾಲಗಾರ್ತೀನೂ ನೀನೆ, ಜಾಮೀನೂ ನೀನೆ!"
ಹಮಾಲರೆಲ್ಲ ನಕ್ಕರು. ನಾನೂ.
ದೊಡ್ಡ ಕಂಪನಿಯ ಸಹಿಗೆ ಕೊಡುವ ದುಡ್ಡನ್ನು
ಪುಟ್ಟರಾಜಣ್ಣ ಕೇಳಿಸಿಕೊಂಡೇ ಇರಲಿಲ್ಲ.

"ಇದು ನನ್ನ ತೂಕ ತಿದ್ದಬೌದಾ?"
ಇಲ್ಲ, ಓದೋದಷ್ಟೇ.
"ಹಂಗಂತ ಎಲ್ಲಿ ಬರ್ದೈತೆ?"
ಫೈಲು ತೆಗೆದು ತೋರಿಸಿದೆ.
ಇಂಗ್ಲಿಷು ಬಾರದ ಬೆರಳು
ಮೇಲಿಂದ ಕೆಳಗೆ ಒಂಬತ್ತೂ ಸಾಲನ್ನು ಎಣಿಸಿತು.

ಆಮೇಲೆ ಮೂಲೆಯಿಂದ ಹತ್ತು ಕಿಲೋ ಕಬ್ಬಿಣದ ಬಟ್ಟು ತಂದು
ತಕ್ಕಡಿಗಿಟ್ಟು ಪರದೆ ನೋಡಿದರು. ಹತ್ತು.
ತೆಗೆದರು. ಸೊನ್ನೆ.
ಆಗ 'ಯೆಸ್'.
'ಯಾವಾಗಲೂ ನಂಬು' ಎಂಬ ಚೌಕಕ್ಕೆ ಗುರುತು ಹಾಕಲಿಲ್ಲ,
ಹಾಗಾಗಿ ದಿನಾ ಬೆಳಿಗ್ಗೆ ಅದು ಅವರನ್ನು ಕೇಳುತ್ತದೆ,
ದಿನಾ ಬೆಳಿಗ್ಗೆ ಅವರು ಬಟ್ಟು ಇಡುತ್ತಾರೆ.

ನನ್ನ ಸಹಿಯ ಆಯುಸ್ಸು ತೊಂಬತ್ತು ದಿನ.
ಹೆಚ್ಚಿಸಬಹುದಿತ್ತು.
ಆಲೂಗಡ್ಡೆಯದೂ ಹೆಚ್ಚುಕಮ್ಮಿ ಅಷ್ಟೇ
ಎಂದುಕೊಂಡು ಬಿಟ್ಟೆ.