ಸಾದಾ ಗಾಯ, ಭಾರೀ ಗಾಯ

ಬೆಟಗೇರಿ ಠಾಣೆದಾಗ ರೈಟರ್ ಮುಲ್ಲಾ ಸಾಹೇಬ್ರು
ಪೆನ್ನಿನ ಟೊಪಗಿ ಕಚ್ಚಿಕೊಂಡು ಕೇಳಿದ್ರು:
‘ಹಲ್ಲು ಎಲ್ಲೈತಿ ತಂಗಿ?’
ಬಲಮಗ್ಗಲಿಗೆ ಕುಂತಿದ್ರು, ಎರಡು ಸಲ ಕೇಳಬೇಕಾತು.
ಅರಿಷಿಣದ ಭರಣ್ಯಾಗ ಐತ್ರಿ, ಅಂದೆ.
ನಗಲಿಲ್ಲ. ಬರಕೊಂಡ್ರು.

ಎದ್ದದ್ದು ಸಣ್ಣ ಮಾತು.
ಹಾಸಿನ ನೂಲಿನ ಲೆಕ್ಕದಾಗ ನಾಕು ನೂರು ರೂಪಾಯಿ ತಪ್ಪಿತ್ತು.
ನನ್ನ ಗಂಡ ಪಂಪಣ್ಣ ನನ್ನ ತಮ್ಮನ ಅವ್ವನ ಹೆಸರು ತಗದ,
ಅಂದ್ರ ನನ್ನ ಅವ್ವನ ಹೆಸರು.
ಚೌಡಪ್ಪ ಎದ್ದ.
ಒಲಿ ಮುಂದಿದ್ದ ನನಗ ಮಗ್ಗ ನಿಂತದ್ದಷ್ಟ ಗೊತ್ತಾತು.
ಓಡಿ ಬರೂದ್ರಾಗ ಹಲ್ಲು ಮಗ್ಗದ ಕುಣಿಯಾಗ ಬಿದ್ದಿತ್ತು.

‘ನೋಡವಾ, ಹೊಡತ ಒಂದ,’ ಅಂದ್ರು ರೈಟರ್.
‘ಕೆನ್ನಿ ಬಾತರ ಸಾದಾ ಗಾಯ. ಒಂದು ವರ್ಷದೊಳಗಿಂದು,
ಕೋರ್ಟು ಹೂಂ ಅನ್ನೂತನಾ ನಾವು ತನಿಖಿಗೂ ಇಳಿಯಂಗಿಲ್ಲ.
ಎಲುಬು ಮುರಿದ್ರ, ಕಣ್ಣು ಹೋದ್ರ, ಕಿವಿ ಹೋದ್ರ,
ಹಲ್ಲು ಮುರಿದ್ರ, ಸ್ಥಾನ ತಪ್ಪಿದ್ರ, ಅದು ಭಾರೀ.
ಏಳು ವರ್ಷದ ಮಟಾ.
ಕೈಯಾಗ ಲಾಳಿ ಇತ್ತೇನು?
ಇದ್ರ ಹೇಳು, ಅದಕ್ಕ ಬ್ಯಾರೆ ಕಲಂ,
ಜೀವಾವಧಿಗೂ ಬಾಗಿಲಾ ತಗದೈತಿ ಅಲ್ಲೆ.’
ಲಾಳಿ ಹಾಸಿನಾಗ ಸಿಕ್ಕಿತ್ರಿ, ಅರ್ಧಾ ದಾರ್ಯಾಗ.
ಅದು ಖರೇನ. ಅದನ್ನ ಹೇಳಾಕ ತಡಾ ಆಗಲಿಲ್ಲ.

ಇನ್ನೊಂದು ಮಾತು ಅಂದ್ರು, ಹಂಗ ಹೋಕ್ಕೋತ:
ಹಳೇ ಕಾಯ್ದೆದಾಗ ಇಪ್ಪತ್ತು ದಿನ ನಳ್ಳಿದ್ರ ಭಾರೀ ಅಂತ,
ಹೊಸಾದ್ರಾಗ ಹದಿನೈದಕ್ಕ ಇಳಿಸ್ಯಾರಂತ.
ಮನಿಗೆ ನಡಕೋತ ಬೆರಳು ಎಣಿಸಿದೆ.
ನನಗ ಹನ್ನೊಂದ ದಿನ.
ಹಳೇದಕ್ಕ ಒಂಬತ್ತು ಕಮ್ಮಿ, ಹೊಸಾದಕ್ಕ ನಾಕು.
ಹನ್ನೊಂದು ದಿನ ಕಿವಿಯಾಗ ಗುಂಯ್ ಅಂದು
ಹನ್ನೆರಡಕ್ಕ ಸುಮ್ಮನಾತು. ಗುಣಾ ಆತಂತ ತಿಳಕೊಂಡೆ.
ಪಂಚಮಿಗೆ ತಮ್ಮ ಕರಿಯಾಕ ಬಂದಾಗ
ದಾರಿ ಉದ್ದಕ್ಕೂ ನನ್ನ ಎಡಕ್ಕ ಬಂದು ಮಾತಾಡಿದ.
ಯಾಕ ಅಂತ ಅಂವ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಹಲ್ಲಿನ ಸುದ್ದಿ.
ಅದು ಎರಡು ತಿಂಗಳಿಂದ ಅಳ್ಳಾಡತಿತ್ತು.
ಲವಂಗ ಇಟ್ಟುಕೊಂಡು ಮಲಗತಿದ್ದ,
ಬದನಿಕಾಯಿ ಬಜಿ ಒಂದ ದವಡಿಯಾಗ ಅಗೀತಿದ್ದ,
ನಾಲಿಗಿಲೆ ಹಲ್ಲು ನೂಕಿ ನೂಕಿ
ನಡುರಾತ್ರಿ ಚಪ್ ಚಪ್ ಸಪ್ಪಳ ಮಾಡತಿದ್ದ.
ಮಲ್ಲಸಮುದ್ರದ ದೊಡ್ಡ ದವಾಖಾನ್ಯಾಗ ಹಲ್ಲಿನ ಡಾಕ್ಟರ್ ಹುಡುಗಿ
‘ಮೊದಲ ಸಡ್ಲಿತ್ತೇನ್ರಿ?’ ಅಂದ್ಳು.
‘ಕಲ್ಲಿದ್ದಂಗ ಇತ್ರಿ’ ಅಂದು
ಗಂಡ ನನ್ನ ಕಡೆ ನೋಡಿದ.
ನಾನು ಗ್ವಾಡಿ ಮ್ಯಾಲಿನ ಹಲ್ಲಿನ ಚಿತ್ರ ನೋಡಿದೆ.
ಎಷ್ಟು ಬೇರು ಇರತಾವ ಒಂದೊಂದಕ್ಕ!

ಸೂಡಿ ವಕೀಲರು ಕೋರ್ಟಿನ ಬೇವಿನ ಗಿಡದ ಕೆಳಗ
ಚಾ ಆರಿಸಿಕೋತ ಅಂದ್ರು:
‘ಸಡ್ಲಿತ್ತು ಅನ್ನೂದೊಂದು ಮಾತು ನಿನ್ನ ಬಾಯಾಗಿಂದ ಬಂದ್ರ
ಏಳರ ಕಲಂ ಅಳ್ಳಾಡಾಕ ಹತ್ತತೈತಿ.
ಆದ್ರ ತಂಗಿ, ನೀ ಉಣ್ಣೂದು ಅವನ ಮನಿಯಾಗ.’
ಅವರು ಒಳ್ಳೇವರು. ಚಾದ ರೊಕ್ಕ ಅವರ ಕೊಟ್ರು.

ರಾತ್ರಿ ಭರಣಿ ತಗದು ನೋಡಿದೆ.
ಅರಿಷಿಣ ಮೆತ್ತಿಕೊಂಡು ಮದುಮಗನಂಗ ಕುಂತೈತಿ.
ಅಂಗೈಯಾಗ ಇಟ್ಟರ ಭಾರಾನ ಇಲ್ಲ,
ಗೋವಿನಜೋಳದ ಕಾಳು ಇದಕ್ಕಿಂತ ತೂಗತೈತಿ.
ಇದರ ಮ್ಯಾಲ ನನ್ನ ತಮ್ಮ ಏಳು ಪಂಚಮಿ ನಿಂತಾನ.

ಇವತ್ತ ಹೇಳಿಕಿ.
ರೈಟರ್ ಹೊಸಾ ಹಾಳಿ ತಗೊಂಡು
ನನ್ನ ಹೆಸರು, ಗಂಡನ ಹೆಸರು, ಉದ್ಯೋಗ ನೇಯ್ಗಿ ಅಂತ ಬರದು
ಟೊಪಗಿ ಮತ್ತ ಬಾಯಾಗ ಇಟ್ಟುಕೊಂಡ್ರು.
ಗಂಡ ಹೊರಗ ಬಾಕಿನ ಮ್ಯಾಲ ಕುಂತಿದ್ದ,
ನಾಲಿಗಿ ಆ ಖಾಲಿ ಜಾಗಾದಾಗ ಆಡಿಸಿಕೋತ.

ಭರಣಿ ಟೇಬಲ್ ಮ್ಯಾಲ ಇಟ್ಟೆ.
ಹಲ್ಲು ಸಡ್ಲಿತ್ರಿ, ಬರಕೋರಿ, ಅಂದೆ.
ಆದ್ರ ಅಲ್ಲಿಂದ ಸುರು ಮಾಡಬ್ಯಾಡ್ರಿ,
ಕಿವಿಯಿಂದ ಸುರು ಮಾಡ್ರಿ.

ಪೆನ್ನು ನಿಂತು ಅವರು ಏನೋ ಕೇಳಿದ್ರು.
ಆ ಮಗ್ಗಲಿಂದ
ನನಗ ಕೇಳಂಗಿಲ್ಲ.