ಅಡಿ, ಮಾರು

ಬೈತಕೋಲ ಬಂದರಿನ ಐಸ್ ಫ್ಯಾಕ್ಟರಿ ಹಿಂದೆ ನನ್ನ ಅಂಗಡಿ.
ವಾಯರ್‌ಲೆಸ್ಸು, ಜಿಪಿಎಸ್ಸು, ಆಳ ಅಳೆಯುವ ಡಬ್ಬಿ,
ಉಪ್ಪು ತಿಂದದ್ದೆಲ್ಲ ಇಲ್ಲಿಗೇ ಬರುತ್ತದೆ,
ನೀರು ಕುಡಿಯಲಿಕ್ಕಲ್ಲ, ಒಣಗಲಿಕ್ಕೆ.

ಪುರ್ಸು ತಾಂಡೇಲನ ಬೋಟಿಗೆ ಡಬ್ಬಿ ಕೂರಿಸಿದವ ನಾನು.
ಪರದೆ ಹೇಳಿದ್ದು ಅಡಿ. ಅವನು ಓದಿದ್ದು ಮಾರು.
ಒಂದು ಗುಂಡಿ ಒತ್ತಬೇಕಿತ್ತು, ಅಷ್ಟೇ.
ಚಹಾ ಬಂತು, ಮರೆತೆ.
ದೇವಗಡದ ದೀಪದ ಬುಡದಲ್ಲಿ
ಐದು ಮಾರು ನೀರಿದೆಯೆಂದು ಐದಡಿಯೊಳಗೆ ನುಗ್ಗಿದ.
ಕಲ್ಲಿಗೆ ಎರಡು ಲೆಕ್ಕವೂ ಒಂದೇ.

ಜನ ಉಳಿದರು. ಬೋಟು ಉಳಿಯಲಿಲ್ಲ.
ಪುರ್ಸು ಬೈಯಲೂ ಇಲ್ಲ.

ಮತ್ತೊಂದು ದಿನ ಬಂಗಡೆ ಕಟ್ಟಿಕೊಟ್ಟ ಪೇಪರಿನಲ್ಲಿ ಓದಿದೆ:
ಮಂಗಳದ ತನಕ ಒಂಬತ್ತು ತಿಂಗಳು ನೆಟ್ಟಗೆ ಹೋದ ನೌಕೆ,
ಪೌಂಡು ಒಬ್ಬರದು, ನ್ಯೂಟನ್ ಇನ್ನೊಬ್ಬರದು,
ನಡುವೆ ಯಾರೂ ಕೇಳದೆ
ತೀರ ತಗ್ಗಿಗೆ ಹೋಗಿ ಇಲ್ಲವಾಯಿತಂತೆ.
ಅಷ್ಟು ಓದಿದವರು!
ಮೀನಿನ ನೀರು ಹೀರಿದ ಆ ಹಾಳೆ ಒಣಗಿಸಿ
ಕಿಸೆಯಲ್ಲಿಟ್ಟುಕೊಂಡೆ.
ಸಮಾಧಾನಕ್ಕೋ ನಾಚಿಕೆಗೋ, ಇನ್ನೂ ಗೊತ್ತಿಲ್ಲ.

ಅಂದಿನಿಂದ ಈ ಗೀಳು.
ಎರಡು ಸಾವಿರದ ಮೂರರ ನತಾಲದ ದಿನ
ಅಲ್ಲಿಗಿಳಿದ ಪುಟ್ಟದೊಂದು ಮಾತೇ ಆಡಲಿಲ್ಲ.
ಎಸ್ತೆಲಿನ್ ನೆವರಿ ತಟ್ಟೆ ಮುಂದಿಟ್ಟು ಕೇಳಿದಳು,
ಯಾರು ಹೋದರು?
ಹನ್ನೊಂದು ವರ್ಷದ ಮೇಲೆ ಮೇಲಿನಿಂದ ತೆಗೆದ ಪಟದಲ್ಲಿ ಸಿಕ್ಕಿತು.
ಒಡೆದಿರಲಿಲ್ಲ, ಇವಳೇ.
ಸರಿಯಾಗಿಯೇ ಇಳಿದು, ಒಂದೊಂದೇ ರೆಕ್ಕೆ ಬಿಚ್ಚಿ
ಕೊನೆಯದನ್ನು ಬಿಚ್ಚಲಾಗದೆ
ಅದರಡಿ ನಾಲಿಗೆ ಸಿಕ್ಕಿಸಿಕೊಂಡು ಕೂತಿತ್ತು.

ಕಾಳಿಯ ಅಳಿವೆಯಲ್ಲಿ ಹೂಳಿಗೆ ಸಿಕ್ಕ ಬೋಟನ್ನು
ಭರತಕ್ಕೆ ಕಾದು ಎಳೆಯುತ್ತೇವೆ.
ಅಲ್ಲಿ ಮರಳಿಗೆ ಸಿಕ್ಕ ಗಾಲಿಗೆ
ಯಾವ ಭರತ?

ತೊಂಬತ್ತು ದಿನಕ್ಕೆಂದು ಹೋದ ಅದರ ಜೊತೆಯದು
ಹದಿನಾಲ್ಕು ವರ್ಷ ದುಡಿಯಿತು. ಧೂಳೆದ್ದು ಬಿಸಿಲು ಮುಚ್ಚಿತು.
ಎಂಟು ತಿಂಗಳು ಕರೆದರಂತೆ.
ಕರೆಯುವುದೆಂದರೇನು ನನಗೆ ಗೊತ್ತು.
ಹದಿನಾರನೇ ಚಾನೆಲ್ಲಿನಲ್ಲಿ ರಾತ್ರಿಯಿಡೀ
ಒಂದೇ ಹೆಸರು, ಅರ್ಧ ಗಂಟೆಗೊಮ್ಮೆ,
ಹೆಂಗಸರು ಅಂಗಡಿಯ ಹೊರಗೆ ಕೂತಿರುವಾಗ.

ಈ ಆಗಸ್ಟಿನಲ್ಲಿ ಪುರ್ಸು ಮತ್ತೆ ಬಂದ,
ಮಗಳ ಹೆಸರಿನ ಹೊಸ ಬೋಟು, ಹೊಸ ಡಬ್ಬಿ.
ಬೇರೆಯವರಿಲ್ಲವೇನೋ ಅಂದೆ.
ನೀ ಒಮ್ಮೆ ತಪ್ಪಿದವ, ಅಂದ.
ಗುಂಡಿ ಒತ್ತಿದೆ. ಮಾರು.
ಅವನೂ ಒತ್ತಿ ನೋಡಿದ.
ಚಹಾ ತಣ್ಣಗಾಯಿತು.

ನಸುಕಿನಲ್ಲಿ ವಾಯರ್‌ಲೆಸ್ಸು ಕೆಮ್ಮಿತು:
"ಇನಾಸ್, ದೇವಗಡ ದಾಟಿದೆ. ಐದು."
ಏನು ಐದು?
ಕರಕರ.
ಪುರ್ಸೂ, ಏನು ಐದು?
ಕರಕರ. ಕರಕರ.
"ಬುಟ್ಟಿ, ಮಾರಾಯ. ಬಂಗಡೆ."